ಕುಂಟ ಏಳು

ಬಟ್ಟಲ ನೀರಿನಲ್ಲಿ ಕಾಗದದ ಚೂರು ನೆನೆಯುತ್ತಿದೆ, ಅದರ ಮೇಲೆ ಕಿರುಬೆರಳ ಉಗುರಿನಷ್ಟು ಕಪ್ಪು ಅಂಕಿ ಏಳು, ನೆಟ್ಟಗೆ ನಿಂತಿದೆ ಹಾಳಾದ್ದು, ಕವಾಯತಿಗೆ ನಿಂತವನ ಹಾಗೆ — ಇದು ಅವಳ ಏಳಲ್ಲ, ಅವಳದರ ಕಾಲು ಮಂಡಿಯ ಹತ್ತಿರ ಡೊಂಕಾಗಿತ್ತು, ಮೂವತ್ತೊಂದು ವರ್ಷ ಯುದ್ಧವಿಮಾನಗಳ ಮೈಮೇಲೆ ಅಂಕಿ ಬರೆದ ಪೇಂಟರಮ್ಮನಿಗೆ ತನ್ನ ಕೈಬರಹ ಗೊತ್ತಿಲ್ಲವೇ, ಗೊತ್ತಿಲ್ಲವಂತೆ, ನೀರಲ್ಲಿ ನೆನೆಸಿ ಅಂಟಿಸುವ ಈ ಡೆಕಾಲ್ ಹಾಳೆ ಮಾಡುವವನಿಗೆ ಮಾತ್ರ ಗೊತ್ತಂತೆ. ಅವಳ ತಮ್ಮ ಕೂಡಿಸುತ್ತಿರುವ ಪುಟ್ಟ ಮಾದರಿ ವಿಮಾನದ ಡಬ್ಬಿಯಲ್ಲಿ ಬಂದದ್ದು ಯಾವುದೋ ಬೇರೆ ವಿಮಾನದ ಅಂಕಿಗಳು, ಅದಕ್ಕೇ ಈ ಹಾಳೆಯನ್ನು ಬೇರೆಯಾಗಿ ಮಾಡಿಸಬೇಕಾಯಿತು, ಆ ಹಳೇ ವಿಮಾನದ ಫೋಟೋ ಕೊಟ್ಟವಳೂ ಅವಳೇ, ಟ್ರಂಕಿನ ತಳದಿಂದ ತೆಗೆದು, ಇದ್ದದ್ದೇ ಒಂದು — ಅದನ್ನು ನೋಡಿಕೊಂಡು ಆ ಮಹಾನುಭಾವ ಬರೆಯುತ್ತಾನೆ, ಫೋಟೋ ತೆಗೆದ ಕೋನ ಸರಿ ಇರ್ಲಿಲ್ಲ ಮೇಡಂ, ಅಂಕಿ ಡೊಂಕಾಗಿ ಕಾಣ್ತಿತ್ತು, ನಾವೇ ಸರಿ ಮಾಡಿದ್ವಿ, ಯೋಚ್ನೆ ಮಾಡ್ಬೇಡಿ. ಎಂಥ ಉಪಕಾರ, ಕೇಳಿದವರು ಯಾರು, ಅಧಿಕಪ್ರಸಂಗಿ, ನಾಯಿ ಬಾಲ ಸಿಗಲಿಲ್ಲವೇ ಇವನಿಗೆ ನೆಟ್ಟಗೆ ಮಾಡಲು.

ಕೋನವಂತೆ ಕೋನ, ಯುದ್ಧದಲ್ಲಿ ವಿಮಾನದ ಬಾಲಕ್ಕೆ ಗುಂಡು ತೂರಿತ್ತು, ಫಿಟ್ಟರ್ ತಗಡಿನ ತೇಪೆ ಹಾಕಿ ರಿವೆಟ್ ಹೊಡೆದಿದ್ದ, ಗಂಟೆಯೊಳಗೆ ಹಾರಬೇಕು, ಆ ಗುಬುಟುಗಳ ಮೇಲೆ ಕುಂಚ ನಿಲ್ಲದು, ಕಾಲನ್ನು ತೇಪೆಯ ಪಕ್ಕಕ್ಕೆ ಸರಿಸಿ ಇಳಿಸಿದಳು, ಅಷ್ಟೇ — ಎಳೆ ಮೀಸೆಯ ಪೈಲಟ್ ಏಣಿಯ ಕೆಳಗೆ ನಿಂತು, ಏನಕ್ಕಾ, ನನ್ನ ಗಾಡಿಗೆ ಕಾಲು ಮುರಿದ್ಬಿಟ್ರಲ್ಲ, ಇರ್ಲಿ ಬಿಡಿ, ಇಳಿಯುವಾಗ್ಲೇ ಗುರುತು ಸಿಗತ್ತೆ. ಸಿಗುತ್ತಿತ್ತು, ಫಿಟ್ಟರ್ ಹಣೆಗೆ ಕೈ ಅಡ್ಡ ಹಿಡಿದು, ಕುಂಟ ಬಂದ ನೋಡ್ರೋ ಅನ್ನುತ್ತಿದ್ದ, ಕೆಳಗಿದ್ದವರಿಗೆಲ್ಲ ಅದೊಂದು ಮಾತು ಕೇಳಿದರೆ ಊಟ ಸೇರುತ್ತಿತ್ತು, ಆಮೇಲೆ ಆ ದಿನ, ಮೂರು ಇಳಿದವು, ನಾಲ್ಕನೆಯದಕ್ಕೆ ಕಾದರು, ಫಿಟ್ಟರ್ ಕೈ ಇಳಿಸಲೇ ಇಲ್ಲ, ಕುಂಟ ಬರಲಿಲ್ಲ. ನಾಳೆ ಮಾದರಿ ವಿಮಾನಗಳ ಸ್ಪರ್ಧೆ, ಪ್ರದರ್ಶನಕ್ಕೆ ಆ ಪೈಲಟನ ತಂಗಿ ಬರುತ್ತಾಳೆ, ಈಗ ಅವಳಿಗೂ ತಲೆ ನರೆತಿರಬೇಕು, ಇದು ನಿಮ್ಮಣ್ಣನ ವಿಮಾನ ಅಂತ ಈ ನೆಟ್ಟನೆಯದನ್ನು ಯಾವ ಮುಖ ಇಟ್ಟುಕೊಂಡು ತೋರಿಸುವುದು, ಅಣ್ಣನನ್ನು ಕಳೆದುಕೊಂಡವಳಿಗೆ ಇನ್ಯಾರದೋ ವಿಮಾನವನ್ನು ತೋರಿಸುವುದೇ, ಸುಳ್ಳಿಗೂ ಒಂದು ಮಿತಿ ಬೇಡವೇ.

ತಮ್ಮನೀಗ ಕುಂಚದ ತುದಿಯಿಂದ ಅಂಕಿಯ ಪೊರೆಯನ್ನು ಕಾಗದದಿಂದ ಜಾರಿಸಿ ಪುಟ್ಟ ಬಾಲದ ಮೇಲೆ ಕೂರಿಸುತ್ತಾನೆ, ಉಸಿರು ಬಿಗಿಹಿಡಿದು, ಅವಳ ಕೈ ಆಗಲೇ ಬ್ಲೇಡ್ ಎತ್ತಿಕೊಂಡಿದೆ, ಅಕ್ಕಾ ಏನ್ ಮಾಡ್ತಿದೀಯ, ತೀರ್ಪುಗಾರರು ತಪ್ಪು ಅಂತ ಅಂಕ ಕಳೀತಾರೆ, ಕಳೀಲಿ, ಅವರಪ್ಪನ ಮನೆ ಗಂಟೇನು ಹೋಗೋದು, ಆಚೆ ಸರ್ಕೋ ನೀನು — ಮಂಡಿಯ ಹತ್ತಿರ ಕೊಯ್ದಳು, ಒದ್ದೆ ಆರುವ ಮೊದಲೇ ಕಾಲನ್ನು ಕೂದಲೆಳೆಯಷ್ಟು ಪಕ್ಕಕ್ಕೆ ತಳ್ಳಿದಳು, ಈಗ ಬಂತು, ಈಗ ಇದು ಆ ಎಳೆ ಮೀಸೆಯವನದು, ಆ ಹಾಳೆಯವನಿಗೆ ಇದರದೇ ಫೋಟೋ ಕಳಿಸಬೇಕು, ಇದನ್ನೂ ಸರಿ ಮಾಡು ನೋಡೋಣ, ಡೊಂಕನ್ನು ಅಳಿಸಿದರೆ ಮನುಷ್ಯನನ್ನೇ ಅಳಿಸಿದ ಹಾಗೆ ಅಂತ ಬರೆಯಬೇಕು, ದಪ್ಪ ಅಕ್ಷರದಲ್ಲಿ. ತಮ್ಮ ಬಗ್ಗಿ ನೋಡುತ್ತಾನೆ, ಚೆನ್ನಾಗೇ ಇದೆ ಕಣೇ ಅನ್ನುತ್ತಾನೆ, ಆಮೇಲೆ ಸುಮ್ಮನೆ, ಬಟ್ಟಲು ಒರೆಸುತ್ತಾ, ಆ ನಂಬರು ಆಮೇಲೆ ಬೇರೆ ವಿಮಾನಕ್ಕೆ ಕೊಟ್ರಾ ಅಕ್ಕಾ — ಕೊಟ್ಟರು, ಕುಂಟ ಬಾರದ ಒಂಬತ್ತನೇ ದಿನ ಹೊಸ ವಿಮಾನ ಬಂತು, ಅದಕ್ಕೂ ಅದೇ ಏಳು, ಅಧಿಕಾರಿ ಬಂದು ನಿಂತ, ಈ ಸಲ ನೆಟ್ಟಗೆ ಬರೀಮ್ಮ, ಸರಿ ಸಾರ್ ಅಂದಳು, ಅಂಕಿಯ ಅಚ್ಚು ಇಟ್ಟಳು, ಅಳತೆಪಟ್ಟಿ ಇಟ್ಟಳು, ಫಿಟ್ಟರ್ ಏಣಿ ಹಿಡಿದುಕೊಂಡೇ ಮುಖ ಆ ಕಡೆ ತಿರುಗಿಸಿದ, ತೇಪೆಯಿಲ್ಲ, ಗುಬುಟಿಲ್ಲ, ನುಣ್ಣನೆಯ ಹೊಸ ತಗಡು, ಹಸಿ ಕಪ್ಪು ಬಣ್ಣ, ಅವಳ ಕೈ ಕೆಳಗೆ ಇಳಿಯುತ್ತಿದೆ, ನೆಟ್ಟನೆಯ ಕಾಲು, ನೆಟ್ಟನೆಯ ಕಾಲು