ಅಷ್ಟೇ ತಂತಿ, ಅಷ್ಟೇ ಜಾಗವಲ್ಲ

ಬೇಸಿಗೆ ರಜೆ ಮುಗಿಸಿ ಬಂದ ಪ್ರಮೋದಾ ಮೇಡಂ ಕಣ್ಣಿಗೆ ಮೊದಲು ಬಿದ್ದದ್ದೇ ಬೇಲಿ. ಮಧುರೆ ಹತ್ತಿರದ ಆ ಸರ್ಕಾರಿ ಶಾಲೆಯ ಆಟದ ಬಯಲು ಹಿಂದಿನಿಂದ ಕುಗ್ಗಿ, ರಸ್ತೆಯುದ್ದಕ್ಕೂ ಪಟ್ಟಿಯಂತೆ ಚಾಚಿಕೊಂಡಿತ್ತು. ಶಾಲೆಯ ಹಿಂದಿನ ಜಮೀನಿನಲ್ಲಿ ಲೇಔಟ್ ಮಾಡುತ್ತಿದ್ದ ಮುನೀಂದ್ರ ರಜೆಯಲ್ಲೇ ಕಲ್ಲುಕಂಬ ಕಿತ್ತು ಬೇರೆ ಕಡೆ ನೆಡಿಸಿದ್ದ.

"ಅದೇ ನೂರು ಮೀಟರ್ ತಂತಿ ಮೇಷ್ಟ್ರೇ, ಒಂದು ಗೇಣೂ ಕಮ್ಮಿಯಾಗಿಲ್ಲ. ಹಿಂದೆ ತಗೊಂಡೆ, ಪಕ್ಕದಲ್ಲಿ ಕೊಟ್ಟೆ. ಒಪ್ಪಿಗೆ ಪತ್ರಕ್ಕೊಂದು ಸೈನ್ ಹಾಕಿ," ಅಂದ.

ಹೆಡ್‌ಮಾಸ್ಟರ್ ಮೂರ್ತಿ ಪೆನ್ನು ತೆಗೆದೇಬಿಟ್ಟಿದ್ದರು.

"ನಾಳೆವರೆಗೂ ತಡೀರಿ ಸಾರ್," ಅಂದಳು ಪ್ರಮೋದಾ. "ನಮ್ಮ ಐದನೇ ಕ್ಲಾಸಿನವರು ಒಂದ್ಸಲ ನೋಡ್ಲಿ."

ಮುನೀಂದ್ರ ನಕ್ಕುಬಿಟ್ಟ. ಆ ನಗು ಅವಳಿಗೆ ಚುರುಕ್ಕೆಂದಿತು.

ಮಧ್ಯಾಹ್ನ ಒಂದೊಂದು ಗುಂಪಿಗೂ ಗಂಟು ಹಾಕಿದ ದಾರದ ಬಳೆ, ಚೌಕಾಕಾರದ ರಟ್ಟಿನ ತುಂಡುಗಳನ್ನು ಕೊಟ್ಟಳು. "ದಾರ ಬಿಗಿಯಾಗಿ ಸುತ್ತೋ ಹಾಗೆ ರಟ್ಟು ಜೋಡ್ಸಿ. ಎಷ್ಟು ಹಿಡೀತು, ಬರೀರಿ." ಬೇಲಿಯ ಮಾತೇ ಎತ್ತಲಿಲ್ಲ.

ಒಂದು ಗುಂಪು ಮೂರರಂತೆ ಎರಡು ಸಾಲು ಇಟ್ಟಿತು. ಆರು ರಟ್ಟು. ಇನ್ನೊಂದು ಗುಂಪಿನ ಉಮ್ಮೆ ಹಬೀಬಾ ನಾಲ್ಕನ್ನು ಒಂದೇ ಸಾಲಿಗಿಟ್ಟಳು. ದಾರ ಅಲ್ಲಿಗೇ ಬಿಗಿಯಾಯಿತು. ಅವಳು ಎರಡೂ ಗುಂಪಿನ ದಾರ ಬಿಚ್ಚಿ ಪಕ್ಕಪಕ್ಕ ಹಿಡಿದು ನೋಡಿದಳು.

"ಮೇಡಂ, ದಾರ ಒಂದೇ ಅಳತೆ. ನನ್ನ ಎರಡು ರಟ್ಟು ಎಲ್ಲೋದ್ವು?"

ಉತ್ತರ ಪ್ರಮೋದಾಳ ನಾಲಿಗೆ ತುದಿಗೆ ಬಂದಿತ್ತು, ನುಂಗಿಕೊಂಡಳು. ಮಕ್ಕಳು ಕಿತ್ತಾಡಿದರು, ಮತ್ತೆ ಮತ್ತೆ ಜೋಡಿಸಿದರು. ಉದ್ದ ಮಾಡಿದಷ್ಟೂ ಹೊಟ್ಟೆ ಕರಗುತ್ತೆ ಅಂತ ಯಾರೋ ಕೂಗಿದರು. ಹಬೀಬಾ ಮಾತ್ರ ಕಿಟಕಿಯಾಚೆ ನೋಡುತ್ತಾ ನಿಂತಳು. ಆಮೇಲೆ ನಿಧಾನವಾಗಿ ಅಂದಳು: "ನಮ್ಮ ಬಯಲಿಗೂ ಹಿಂಗೇ ಮಾಡವ್ರೆ."

ಹಗ್ಗ ಹಿಡಿದು ಇಡೀ ಕ್ಲಾಸು ಹೊರಗೋಡಿತು. ಹಳೇ ಕಂಬದ ಗುಂಡಿಗಳು ಇನ್ನೂ ಬಾಯಿ ಬಿಟ್ಟುಕೊಂಡಿದ್ದವು. ಹಳೇ ಬಯಲು ಮೂವತ್ತಕ್ಕೆ ಇಪ್ಪತ್ತು, ಹೊಸದು ನಲವತ್ತಕ್ಕೆ ಹತ್ತು.

ಮರುದಿನ ಮುನೀಂದ್ರ ಬಂದಾಗ ಗೋಡೆಯ ಮೇಲೆ ಚೌಕ ಎಳೆದ ಎರಡು ದೊಡ್ಡ ಚಿತ್ರಗಳಿದ್ದವು.

"ಬೇಲಿ ಅಷ್ಟೇ ಇದೆ ಸಾರ್," ಅಂದಳು ಹಬೀಬಾ. "ಒಳಗಿನ ಜಾಗ ಆರುನೂರು ಚದರ ಮೀಟರ್ ಇದ್ದದ್ದು ನಾನೂರಾಗೈತೆ. ಬೇಕಿದ್ರೆ ನೀವೇ ಎಣಿಸಿ."

ಅವನ ಮುಖ ಕೆಂಪಾಯಿತು. "ಮೇಡಂ, ಪುಸ್ತಕದಲ್ಲಿರೋದು ಹೇಳ್ಕೊಡಿ. ಇಲ್ಲಾಂದ್ರೆ ಎಲ್ಲಿಗೆ ವರ್ಗ ಮಾಡಿಸ್ಬೇಕು ಅಂತ ನಂಗೊತ್ತು."

ಪ್ರಮೋದಾ ಹಬೀಬಾಳ ಪಕ್ಕಕ್ಕೆ ಬಂದು ನಿಂತಳು. "ಮಾಡಿಸಿ. ಹೋದ ಕಡೆ ಇದೇ ಪಾಠ ಮಾಡ್ತೀನಿ. ಇಲ್ಲಿ ಇಪ್ಪತ್ತಾರು ಮಕ್ಕಳು ಕಲ್ತಾಗಿದೆ, ಅವರನ್ನೆಲ್ಲ ಎಲ್ಲಿಗೆ ವರ್ಗ ಮಾಡಿಸ್ತೀರಾ?"

ಮೂರ್ತಿ ಮೇಷ್ಟ್ರು ಚಿತ್ರದ ಮುಂದೆ ನಿಂತು ಬೆರಳಿಟ್ಟು ಎಣಿಸುತ್ತಿದ್ದರು. ಎಣಿಸಿ ಮುಗಿಸಿ, ಒಪ್ಪಿಗೆ ಪತ್ರವನ್ನು ಮುನೀಂದ್ರನ ಕೈಗೇ ಕೊಟ್ಟರು.

"ಸೈನ್ ಹಾಕಲ್ಲಪ್ಪಾ. ಸರ್ವೇಯವರಿಗೆ ಅರ್ಜಿ ಬರೀತೀನಿ."

ಅರ್ಜಿ ಹೋಯಿತು. ಅದರ ಜೊತೆ ಮಕ್ಕಳ ಚಿತ್ರವೂ ಹೋಯಿತು. ಮೂರು ವಾರ ಮುನೀಂದ್ರನ ಜೀಪು ದಿನಾ ಗೇಟಿನ ಮುಂದೆ ನಿಂತು ಹಾರ್ನ್ ಹೊಡೆಯಿತು. ಪ್ರಮೋದಾ ದಿನವೂ ಕಿಟಕಿ ತೆರೆದಿಟ್ಟೇ ಪಾಠ ಮಾಡಿದಳು. ನಾಲ್ಕನೇ ವಾರ ಸರ್ವೇಯವರು ಬಂದು ಅಳೆದರು. ಕಂಬಗಳು ಹಳೇ ಗುಂಡಿಗಳಿಗೇ ವಾಪಸು ಬಂದವು. ಆ ಸಂಜೆ ಬಯಲಿನ ಹಿಂದಿನ ತುದಿಯಲ್ಲಿ ಹುಡುಗಿಯರು ಖೋ-ಖೋ ಆಡುತ್ತಿದ್ದರು. ಪ್ರಮೋದಾ ಸೆರಗು ಸಿಕ್ಕಿಸಿಕೊಂಡು ತಾನೂ ಸಾಲಿನಲ್ಲಿ ಕೂತಳು.