ದುಭಾಷಿಗೆ ಬಂದ ಕರೆ

ಮೊದಲು ಬಂದದ್ದು ಉಸಿರು, ಮಾತು ಆಮೇಲೆ — ಬಲಗಿವಿಗೆ ಒತ್ತಿಕೊಂಡ ಹೆಡ್‌ಫೋನಿನ ಸ್ಪಂಜಿನೊಳಗೆ ಸಣ್ಣದೊಂದು ಉಸಿರು, ಮಾತಾಡುವ ಮುಂಚೆ ಮೂಗಿನಲ್ಲಿ ಚೂರು ಗಾಳಿ ಎಳೆದುಕೊಳ್ಳುವ ಅಭ್ಯಾಸ, ಅಯ್ಯೋ ಅದೇನು ಒಬ್ಬಳಿಗೇ ಬರೆದುಕೊಟ್ಟದ್ದೇ, ನೆಗಡಿಯಾದವರೆಲ್ಲ ಹಾಗೇ ಎಳೆಯುತ್ತಾರೆ ಎಂದು ಅವನು ತನಗೆ ತಾನೇ ಸಮಾಧಾನ ಹೇಳಿಕೊಳ್ಳುವಷ್ಟರಲ್ಲಿ ನಮಸ್ಕಾರ ಸಾರ್ ಅಂದಳು, ಅವಳೇ, ಅವನ ಹೆಂಡತಿ, ಸಾರ್ ಅಂತೆ ಸಾರ್, ಮದುವೆಯಾದಾಗಿನಿಂದ ರೀ ಅಂದಿದ್ದಾಳೆ, ಕೇಳಿಸ್ತಾ ಅಂದಿದ್ದಾಳೆ, ಸಿಟ್ಟು ನೆತ್ತಿಗೇರಿದಾಗ ಮಹಾನುಭಾವರೇ ಅಂದಿದ್ದಾಳೆ, ಸಾರ್ ಅಂದದ್ದು ಇದೇ ಮೊದಲು, ಹಾಗಾದರೆ ಗುರುತು ಸಿಕ್ಕಿಲ್ಲ, ಸಿಕ್ಕಿದ್ದರೆ ಸಾರ್ ಅನ್ನುತ್ತಿದ್ದಳೇ, ಈ ಕೆಲಸದ ದನಿಯೇ ಬೇರೆ, ಇಸ್ತ್ರಿ ಮಾಡಿದ ದನಿ, ಮನೆಯಲ್ಲಿ ಅವನು ಅದನ್ನು ತೊಟ್ಟವನೇ ಅಲ್ಲ — ನಮಸ್ಕಾರ, ನಾನು ನಿಮ್ಮ ದುಭಾಷಿ, ನೀವು ಹೇಳಿದ್ದೆಲ್ಲ ಗುಟ್ಟಾಗಿರುತ್ತೆ, ಏನೂ ಸೇರಿಸಲ್ಲ, ಏನೂ ಬಿಡಲ್ಲ ಅಂತ ದಿನಾ ಒಪ್ಪಿಸುವ ಪಾಠವನ್ನು ಈಗಷ್ಟೇ ಒಪ್ಪಿಸಿದ್ದಾನೆ, ವಿಶ್ವವಿದ್ಯಾಲಯದ ಪ್ರಯೋಗಾಲಯದ ಉಗ್ರಾಣದಲ್ಲಿ, ಗೋಂದಿನ ಪೀಪಾಯಿಗಳ ನಡುವೆ, ಬೋರಲು ಹಾಕಿದ ಬಕೆಟ್ಟಿನ ಮೇಲೆ ಕೂತು, ತೊಡೆಯ ಮೇಲೆ ಲ್ಯಾಪ್‌ಟಾಪು, ಆಸ್ಪತ್ರೆಯವರಿಗೂ ಈ ಪರದೇಶದ ಭಾಷೆ ಬಾರದ ತನ್ನ ಕಡೆಯವರಿಗೂ ನಡುವೆ ಫೋನಿನಲ್ಲೇ ಮಾತು ದಾಟಿಸುವ ಕೆಲಸ, ಗೋಂದಿನ ಸಂಶೋಧನೆಗೆ ಕೊಡುವ ಸಂಬಳ ತಿಂಗಳ ಕೊನೆ ಮುಟ್ಟುವುದಿಲ್ಲ ಎಂದು ಹಿಡಿದದ್ದು, ಅವಳಿಗೂ ಗೊತ್ತು, ಆದರೆ ಆ ತುದಿಯಲ್ಲಿ ಕೂತು ಯಾವತ್ತೂ ಕೇಳಿದವಳಲ್ಲ, ಅಲ್ಲದೆ ಅವಳು ಈಗ ಮನೆಯಲ್ಲಿರಬೇಕು, ಬೆಳಿಗ್ಗೆ ಅವನು ಹೊರಟಾಗ ಏನೂ ಹೇಳಲಿಲ್ಲವಲ್ಲ, ಆಸ್ಪತ್ರೆಗೆ ಯಾಕೆ ಹೋದಳು, ಯಾರ ಜೊತೆ ಹೋದಳು, ಒಬ್ಬಳೇ ಬಸ್ಸು ಹತ್ತಿದಳೇ.

ಗುರುತಿನವರ ಕರೆ ಬಂದರೆ ತಕ್ಷಣ ಹೇಳಿ ಕರೆಯಿಂದ ಇಳಿದುಬಿಡಬೇಕು, ಅದು ನಿಯಮ, ಒಂದೇ ಒಂದು ವಾಕ್ಯ, ಕ್ಷಮಿಸಿ ಈಕೆ ನನಗೆ ಪರಿಚಯ, ಅಷ್ಟೇ — ಅವನು ಬಾಯಿ ತೆರೆದದ್ದೂ ಹೌದು, ಅಷ್ಟರಲ್ಲಿ ಆ ಕಡೆಯ ನರ್ಸು, ದನಿಯಲ್ಲೇ ವಯಸ್ಸಾದವಳು, ಹುಟ್ಟಿದ ತಾರೀಖು ಕೇಳಿ ಅಂದಳು, ಅವನು ಕೇಳಿದ, ಹೆಂಡತಿ ಹೇಳಿದಳು, ಹೋದ ವರ್ಷ ಅವನು ಮರೆತಿದ್ದ ತಾರೀಖು, ಅದನ್ನು ಇಲ್ಲಿನ ಭಾಷೆಯಲ್ಲಿ ಹೇಳಿ ಮುಗಿಸಿದ ಮೇಲೆ ಇಳಿಯುವುದು ಹೇಗೆ, ಇಷ್ಟು ಹೊತ್ತು ಯಾಕೆ ಸುಮ್ಮನಿದ್ದೆ ಎಂದು ಕೇಳುವುದಿಲ್ಲವೇ, ಇಳಿದರೂ ಕರೆ ಹೋಗುವುದು ಟೀಚರಮ್ಮನಿಗೆ, ನಮ್ಮ ಭಾಷೆಗೆ ದುಭಾಷಿಗಳು ಇರುವುದೇ ಇಬ್ಬರು, ಅವನು ಮತ್ತು ರಿಟೈರಾದ ಆ ಟೀಚರಮ್ಮ, ಆಕೆಯೂ ಗುಟ್ಟಾಗಿರುತ್ತೆ ಅಂತಲೇ ಶುರು ಮಾಡುತ್ತಾರೆ, ಆದರೆ ಆಕೆಯ ಹೊಟ್ಟೆಯಲ್ಲಿ ಮಾತು ನಿಲ್ಲುವುದಿಲ್ಲ, ಸಂಜೆಯೊಳಗೆ ನಮ್ಮವರ ಮನೆಮನೆಗೂ ಡಂಗುರ, ಅದಕ್ಕೇ ಉಳಿದ, ಹೆಂಡತಿಗೆ ಆಸರೆಯಾಗಲಿ ಅಂತಲ್ಲ, ತನ್ನ ಮಾನಕ್ಕೆ ಅಂಜಿ ಉಳಿದ, ಕಳ್ಳನ ಮನಸ್ಸು ಹುಳ್ಳುಳ್ಳಗೆ ಅನ್ನುತ್ತಾರಲ್ಲ, ಹಾಗೆ, ಅವಳು ಇನ್ನೂ ಏನೂ ಹೇಳದೆಯೇ ಅವನ ಕಿವಿ ಕಾದಿತ್ತು.

ಏನು ತೊಂದರೆ ಅಂತ ಕೇಳಿ, ಅಂದಳು ನರ್ಸು. ಏನು ತೊಂದ್ರೆ ಅಮ್ಮಾ, ಹೇಳಿ, ಅಂದ ಅವನು, ಹೇಳಿ ಅಂದ, ಬಹುವಚನದಲ್ಲಿ, ಹೆಂಡತಿಗೆ — ಎಡಗಡೆ ಎದೇಲಿ ಒಂದು ಗಂಟಾಗಿದೆ ಸಾರ್, ಅಂದಳು, ಗಟ್ಟಿಯಾಗಿದೆ, ಒತ್ತಿದ್ರೆ ನೋವಿಲ್ಲ, ಕೈ ಎತ್ತಿದ್ರೆ ಎಳೆಯುತ್ತೆ. ಈಗ ಎರಡನೆಯ ನಿಯಮ, ಆಕೆ ಹೀಗನ್ನುತ್ತಾಳೆ ಹಾಗನ್ನುತ್ತಾಳೆ ಅನ್ನಕೂಡದು, ರೋಗಿ ನಾನು ಅಂದರೆ ದುಭಾಷಿಯೂ ನಾನು ಅನ್ನಬೇಕು, ಮಧ್ಯೆ ಒಬ್ಬ ಕೂತಿದ್ದಾನೆ ಅನ್ನುವುದೇ ಮರೆತುಹೋಗಬೇಕು, ಹೀಗೆ ಎಷ್ಟು ಜನರ ಮಂಡಿನೋವು, ಮೂಲವ್ಯಾಧಿ, ಹೆರಿಗೆನೋವು ಅವನ ಬಾಯಲ್ಲಿ ಹಾದುಹೋಗಿಲ್ಲ, ಮನೆಗೆ ಹೋಗಿ, ಯಾರು ಎತ್ತ ಹೇಳದೆ, ಇವತ್ತು ನಾನು ಎರಡು ಸಲ ಬಸುರಾದೆ ಕಣೇ ಅಂದರೆ ಬಿದ್ದು ಬಿದ್ದು ನಗುತ್ತಿದ್ದಳು, ಹಾಗಾದ್ರೆ ಹುಳಿ ಏನಾದ್ರೂ ತಂದ್ಕೊಡ್ಲಾ ಅನ್ನುತ್ತಿದ್ದಳು — ಈಗ ಗಡ್ಡ ಬಿಟ್ಟ ಗಂಡಸು ಗೋಂದಿನ ವಾಸನೆಯಲ್ಲಿ ಕೂತು ನನ್ನ ಎಡ ಎದೆಯಲ್ಲಿ ಒಂದು ಗಂಟಿದೆ ಅಂದ, ಕೈ ಎತ್ತಿದರೆ ಎಳೆಯುತ್ತದೆ ಅಂದ, ಪದಗಳು ಸರಿಯಾಗಿಯೇ ಬಂದವು, ಬಂದ ಮೇಲೆ ಅರ್ಥ ಬಂತು, ಒಂದೇ ಹಾಸಿಗೆ, ಒಂದೇ ಹೊದಿಕೆ, ಅಂಥವನಿಗೆ ಈ ಸುದ್ದಿ ಆಸ್ಪತ್ರೆಯ ಮೇಲೆ ಬಳಸಿಕೊಂಡು ಬರಬೇಕಾಯಿತಲ್ಲ, ಥೂ ನನ್ನ ಜನ್ಮಕ್ಕೆ. ಯಾವಾಗಿನಿಂದ, ಅಂದಳು ನರ್ಸು. ಕೆಳಗಿನ ಮನೆಯವರು ಖಾಲಿ ಮಾಡ್ಕೊಂಡು ಹೋದ್ರಲ್ಲ, ಆವಾಗಿಂದ, ಅಂದಳು ಹೆಂಡತಿ, ಅವಳ ಪಂಚಾಂಗವೇ ಹಾಗೆ, ಕುಕ್ಕರಿನ ಹಿಡಿ ಮುರಿದಾಗ, ನಿಮಗೆ ಕೆಮ್ಮು ಹಿಡಿದಿತ್ತಲ್ಲ ಆವಾಗ, ಅವನು ಹಾಗೇ ದಾಟಿಸಿದ, ಯಾವ ಕೆಳಗಿನ ಮನೆ ಅಂದಳು ನರ್ಸು, ಅವನಿಗೆ ಗೊತ್ತು, ಚಳಿ ಶುರುವಾಗುವ ಮುಂಚೆ, ಅವರ ಮಂಚ ಇಳಿಸಲು ಇವನೇ ಹೆಗಲು ಕೊಟ್ಟಿದ್ದ, ಐದು ತಿಂಗಳು ತುಂಬಿದೆ, ಆದರೆ ಹೇಳುವಂತಿಲ್ಲ, ಶಂಖದಿಂದ ಬಂದರೇ ತೀರ್ಥ, ಎಷ್ಟು ತಿಂಗಳಾಯ್ತು ಅಂತ ಕೇಳ್ತಿದ್ದಾರೆ ಅಮ್ಮಾ ಎಂದು ಕೇಳಿ, ಅವಳು ಬೆರಳು ಮಡಿಸುವಷ್ಟು ಹೊತ್ತು ಕಾದ. ಐದಾಗಿರ್ಬೇಕು ಸಾರ್. ಐದು ತಿಂಗಳು ಯಾರಿಗೂ ಹೇಳಲಿಲ್ಲವೇ, ಗಂಡನಿಗೂ, ಅಂದಳು ನರ್ಸು. ಅವರಿಗೆ ಹೇಳಕ್ಕೆ ಹೋದೆ, ಅಂದಳು, ಏನೋ ಬರೀತಾ ಇದ್ರು, ಆಮೇಲೆ ಅಂದ್ರು, ಆಮೇಲೆ ನಾನೂ ಸುಮ್ನಾದೆ — ಕೊಂಕಿಲ್ಲ, ಅಳುವಿಲ್ಲ, ಹಾಲು ಮುಗಿದಿದೆ ಅನ್ನುವಾಗಿನ ದನಿ. ನಾನು ನನ್ನ ಗಂಡನಿಗೆ ಹೇಳಲು ಹೋದೆ, ಅವನು ಆಮೇಲೆ ಅಂದ, ಎಂದು ಅವನು ತನ್ನ ಮೇಲೆ ತಾನೇ ಚಾಡಿ ಹೇಳಿದ, ನರ್ಸು ಹ್ಞೂಂ ಅಂದಳು, ಆ ಹ್ಞೂಂನಲ್ಲಿ ಏನೇನಿತ್ತು, ಯಾವತ್ತು ಅದು, ಅವನಿಗೆ ದಿನ ನೆನಪಾಗುತ್ತಿಲ್ಲ, ಬೆನ್ನ ಹಿಂದೆ ರೀ ಅಂದದ್ದು, ಟವೆಲ್ಲಿನಲ್ಲಿ ಒದ್ದೆ ಕೈ ಒರೆಸುವ ಸದ್ದು, ಅವನು ತಿರುಗದೆಯೇ ಆಮೇಲೆ ಅಂದದ್ದು, ಅಂಥ ಸಂಜೆಗಳು ಒಂದೇ ಎರಡೇ, ಅವುಗಳಲ್ಲಿ ಯಾವ ಸಂಜೆ ಅವಳು ಆ ಗಂಟು ಹಿಡಿದುಕೊಂಡು ನಿಂತಿದ್ದಳು.

ಡಾಕ್ಟರಮ್ಮ ಬಂದಳು, ಕೈ ತಲೆ ಮೇಲಿಟ್ಟುಕೊಳ್ಳಿ ಅಂದಳು, ಅವನು ಅಂದ, ಉಸಿರು ಬಿಡಿ, ಇಲ್ಲಿ ನೋವಾಗುತ್ತಾ, ಇಲ್ಲಿ, ಕಂಕುಳಲ್ಲಿ, ಅವನು ಕಣ್ಣು ಮುಚ್ಚಿಕೊಂಡು ಅಂದ, ನೋಡಬಾರದವರನ್ನು ನೋಡುವವನ ಹಾಗೆ, ತನ್ನ ಹೆಂಡತಿಯನ್ನೇ, ಡಾಕ್ಟರಮ್ಮ ಇವತ್ತೇ ಸ್ಕ್ಯಾನು, ಇವತ್ತೇ ಸೂಜಿ ಹಾಕಿ ಚೂರು ತೆಗೆದು ಪರೀಕ್ಷೆಗೆ ಕಳಿಸೋಣ, ಇದನ್ನು ಬಿಟ್ಟು ಕೂರುವ ಹಾಗಿಲ್ಲ ಅಂದು ಹೋದಳು, ಕೀಲಿಮಣೆ ಟಕಟಕ ಅಂದಿತು, ನಿಂತಿತು, ಇದು ಗಂಡನ ವಿಮೆ ಕಾರ್ಡು ಅಂದಳು ನರ್ಸು, ಈಕೆಯದೆಲ್ಲಿ? ಅವನು ಕೇಳಿದ, ಕೇಳಲೇಬೇಕಲ್ಲ, ಇಬ್ರಿಗೂ ಒಂದೇ ಕಾರ್ಡು ಸಾರ್, ನಮ್ಮ ಯಜಮಾನ್ರು ಇಬ್ರಿಗೂ ವಿಮೆ ಕಟ್ಟಿದ್ದಾರೆ, ಅವರೇ ಹೇಳಿದ್ದಾರೆ — ಹೇಳಿದ್ದ, ಹೌದು, ನಿಂತ ಕಾಲಲ್ಲಿ ಹೇಳಿದ್ದ, ವಿದೇಶದಿಂದ ಬಂದ ವಿದ್ಯಾರ್ಥಿಗೆ ವಿಶ್ವವಿದ್ಯಾಲಯವೇ ಹಿಡಿದು ವಿಮೆ ಮಾಡಿಸುತ್ತದೆ, ತಪ್ಪಿಸಿಕೊಳ್ಳುವ ಹಾಗಿಲ್ಲ, ಹೆಂಡತಿಯನ್ನು ಸೇರಿಸುವುದು ಮಾತ್ರ ಅವರವರ ಇಷ್ಟ, ಇಷ್ಟ ಅಂದರೆ ಬೇರೆ ದುಡ್ಡು, ಅರ್ಜಿಯ ಆ ಪುಟದಲ್ಲಿ ಅವನ ಬೆರಳು ಒಂದು ಗಳಿಗೆ ತಡೆದದ್ದು ನಿಜ, ಗಟ್ಟಿಮುಟ್ಟಾಗಿದ್ದಾಳೆ, ತಲೆನೋವಿಗೂ ಮಾತ್ರೆ ನುಂಗದವಳು, ಇವಳಿಗೇನಾಗುತ್ತೆ, ಮುಂದಿನ ವರ್ಷ ಸೇರಿಸಿದರಾಯಿತು, ಆ ದುಡ್ಡಲ್ಲಿ ಸಮ್ಮೇಳನಕ್ಕೆ ಹೋದ, ಕೋಟು ಹೊಲಿಸಿ, ವಿಮಾನ ಹತ್ತಿ, ಎರಡು ತಗಡು ಹೇಗೆ ಬಿಡದೆ ಅಂಟಿಕೊಂಡಿರುತ್ತವೆ ಎಂದು ಖಾಲಿ ಕುರ್ಚಿಗಳಿಗೆ ಪಾಠ ಮಾಡಿ ಬಂದ, ಅವಳು ಆ ಫೋಟೋವನ್ನು ಕಂಡಕಂಡವರಿಗೆಲ್ಲ ತೋರಿಸಿದಳು, ನಮ್ಮನೆ ಗೋಂದಿನ ಡಾಕ್ಟ್ರು ನೋಡಿ, ಜ್ವರ ಬಂದ್ರೆ ಬೇರೆ ಕಡೆ ಹೋಗ್ಬೇಕು, ಚಪ್ಪಲಿ ಕಿತ್ತೋದ್ರೆ ಇವರೇ, ಎಂದು ನಗಿಸಿದಳು, ಮುಂದಿನ ವರ್ಷ ಬಂತು, ಅದೂ ಹೋಯಿತು, ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯುತ್ತಲೇ ಇತ್ತು. ನರ್ಸು ಅಂದಳು, ಇವರ ವಿಮೆಯಲ್ಲಿ ಹೆಂಡತಿಯೇ ಇಲ್ಲ, ಅವಲಂಬಿತರು ಯಾರೂ ಇಲ್ಲ ಅಂತ ಗಂಡನೇ ಬರೆದುಕೊಟ್ಟಿದ್ದಾನೆ. ಕಂಪ್ಯೂಟರ್‌ನಲ್ಲಿ ನಿಮ್ಮ ಹೆಸ್ರು ಕಾಣಿಸ್ತಿಲ್ವಂತೆ ಅಮ್ಮಾ, ಅಂದ. ಕಾಣಿಸ್ತಿಲ್ವಾ, ಇಲ್ವಾ, ಅಂದಳು ಹೆಂಡತಿ, ಸರಿಯಾಗಿ ಕೇಳಿ ಹೇಳಿ ಸಾರ್. ಅವನು ಕೇಳುವ ಅಗತ್ಯವಿರಲಿಲ್ಲ. ಇಲ್ಲ, ಅಂದ. ಅವರು ಬರೆಸೇ ಇಲ್ಲ ಅಂತಾನಾ? ಹೌದಮ್ಮಾ, ಅವರು ಬರೆಸಿಲ್ಲ. ನಿಮಗೆ ಚೆನ್ನಾಗಿ ಗೊತ್ತಾ? ಗೊತ್ತು, ಅಂದ, ಅದನ್ನು ನರ್ಸು ಹೇಳಿರಲಿಲ್ಲ, ಅದು ಅವನ ಸ್ವಂತದ್ದು, ನೆಲ ಬಾಯ್ಬಿಟ್ಟಿದ್ದರೆ ಬಕೆಟ್ಟಿನ ಸಮೇತ ಇಳಿದುಬಿಡುತ್ತಿದ್ದ, ಅವಳು ಮಾತ್ರ, ಹೋಗ್ಲಿ ಬಿಡಿ, ನೀವೇನ್ ಮಾಡ್ತೀರಿ ಪಾಪ, ಅಂದಳು, ಪಾಪ ಅಂದಳು, ಅದನ್ನೂ ಅವನು ನರ್ಸಿಗೆ ದಾಟಿಸಬೇಕಾಯಿತು.

ಹಾಗಾದರೆ ಎರಡು ದಾರಿ, ಅಂದಳು ನರ್ಸು, ಒಂದೊಂದೇ ವಾಕ್ಯ ಬಿಡಿಸಿ ಬಿಡಿಸಿ, ದುಡ್ಡಿಗೆ ನಾನು ಹೊಣೆ ಎಂದು ಗಂಡ ಬಂದು ಸಹಿ ಹಾಕಿದರೆ ಸ್ಕ್ಯಾನು ಇವತ್ತೇ, ಕಂತಿನಲ್ಲಿ ಕಟ್ಟಬಹುದು, ಇಲ್ಲವಾದರೆ ಬಿಟ್ಟಿ ನೋಡುವ ಆಸ್ಪತ್ರೆಗೆ ಚೀಟಿ ಕೊಡುತ್ತೇವೆ, ಅಲ್ಲಿ ಸರದಿ ಬರುವಷ್ಟರಲ್ಲಿ ತಿಂಗಳುಗಳೇ ಆಗುತ್ತವೆ, ಈಕೆ ಅಷ್ಟು ಕಾಯಬಾರದು, ಇದು ನನ್ನ ಮಾತು, ಇದನ್ನೂ ಹೇಳಿ. ಅವನು ಇದನ್ನೂ ಹೇಳಿದ, ಹೇಳುತ್ತ ಹೇಳುತ್ತ ಎದ್ದು ನಿಂತಿದ್ದ, ಆಸ್ಪತ್ರೆ ಇಲ್ಲಿಂದ ಎಷ್ಟು ದೂರ, ಓಡಿದರೆ ಓಡಿಯೇ ಹೋಗಬಹುದು, ಬರ್ತೀನಿ ಅಂದರಾಯಿತು, ಈಗಲೇ, ನಾನೇ ಅವಳ ಗಂಡ ಎಂದು ಇಲ್ಲಿನ ಭಾಷೆಯಲ್ಲಿ ಎಷ್ಟು ಸಣ್ಣ ವಾಕ್ಯ, ಮಗುವೂ ಹೇಳುತ್ತದೆ, ಆದರೆ ಆಗಿನಿಂದ ಈ ಫೋನಿನಲ್ಲಿ ನಾನು ಅಂದರೆ ಅವಳು, ಅವನಿಗೆ ಅಂತ ಒಂದು ನಾನು ಉಳಿದೇ ಇಲ್ಲ, ಹೇಳಿದರೆ ನರ್ಸು ಏನನ್ನುತ್ತಾಳೆ, ಇಷ್ಟೂ ಹೊತ್ತು ನೀನೇನಾ, ನೀನೇ ಕೂತು ಕೇಳಿದೆಯಾ, ಹೆಂಡತಿಯಿಂದ ಸಾರ್ ಅನ್ನಿಸಿಕೊಂಡೆಯಾ, ಕೆಲಸ ಹೋಗುತ್ತದೆ, ಹೋಗಲಿ, ಕೆಲಸಕ್ಕಲ್ಲ ಹೆದರಿಕೆ, ಅವಳು ಆ ಕೋಣೆಯಲ್ಲಿ ಅರ್ಧ ಬಟ್ಟೆಯಲ್ಲಿ ಕೂತು ತಲೆ ಎತ್ತಿ ಆ ಫೋನಿನ ಡಬ್ಬಿಯಿಂದ ಬರುವ ದನಿಯ ಕಡೆ ನೋಡುತ್ತಾಳಲ್ಲ, ಆ ನೋಟಕ್ಕೆ. ಗಂಡನ ನಂಬರು ಕೊಡಿ, ನಾನೇ ಮಾಡುತ್ತೇನೆ, ಅಂದಳು ನರ್ಸು. ಹೆಂಡತಿ ಹೇಳಿದಳು, ಅಂಕಿ ಅಂಕಿ ಬಿಡಿಸಿ, ಬರೆದುಕೊಳ್ಳುವವನಿಗೆ ತೊಂದರೆಯಾಗದಿರಲಿ ಅನ್ನುವ ಹಾಗೆ ತಡೆದು ತಡೆದು, ಅವನು ತನ್ನ ನಂಬರನ್ನು ತಾನೇ ಹೇಳುತ್ತಿದ್ದಾನೆ, ಒಂದು ಅಂಕಿ ಬದಲಿಸಿದರೆ ಸಾಕು, ಏಳರ ಜಾಗದಲ್ಲಿ ಒಂಬತ್ತು, ಯಾರಿಗೆ ತಿಳಿಯುತ್ತದೆ, ಏಳು ಬಂತು, ನಾಲಿಗೆ ತಡವರಿಸಿತು, ಏಳು ಅಂದ, ಏಳೇ ಅಂದ, ಅಷ್ಟು ಮಟ್ಟಿಗೆ ಮನುಷ್ಯ ಎಂದುಕೊಳ್ಳುವಷ್ಟರಲ್ಲಿ, ಪೀಪಾಯಿಯ ತಗಡು ಮುಚ್ಚಳದ ಮೇಲಿಟ್ಟಿದ್ದ ಮೊಬೈಲು ಬೆಳಗಿ ಗರಗರ ನಡುಗತೊಡಗಿತು, ಪೀಪಾಯಿ ಖಾಲಿ, ಇಡೀ ಉಗ್ರಾಣ ಮೊಳಗಿತು, ಅವನು ಕೈ ಚಾಚಿದ, ಕೈ ಅಲ್ಲೇ ನಿಂತಿತು, ಎತ್ತಿದರೆ ಒಂದೇ ದನಿ ಎರಡು ಫೋನಿನಿಂದ ಆ ಕೋಣೆಗೆ ಹೋಗುತ್ತದೆ, ಕತ್ತರಿಸಿದರೆ ಹೆಂಡತಿಯ ಸ್ಕ್ಯಾನನ್ನೇ ಕತ್ತರಿಸಿದ ಹಾಗೆ, ದುಭಾಷಿ, ನಿಮ್ಮ ಕಡೆ ಏನೋ ಸದ್ದು, ಅಂದಳು ನರ್ಸು, ಕ್ಷಮಿಸಿ, ಅಂದ, ಸದ್ದು ತ್ರಾಣ ಹೋದಂತೆ ನಿಂತಿತು. ಎತ್ತುತ್ತಿಲ್ಲ ಅಂತ ಆಕೆಗೆ ಹೇಳಿ. ನಿಮ್ಮ ಯಜಮಾನ್ರು ಎತ್ತುತ್ತಿಲ್ವಂತೆ ಅಮ್ಮಾ, ಅಂದ. ಇನ್ನೊಂದ್ಸಲ ಮಾಡೋಕೆ ಹೇಳಿ ಸಾರ್, ಅಂದಳು ಹೆಂಡತಿ, ಮೆತ್ತಗೆ, ಅವರ ಫೋನು ಪಕ್ಕದಲ್ಲೇ ಇದೆ, ನಂಗೂ ಕೇಳಿಸ್ತು. ಇನ್ನೊಮ್ಮೆ ಮಾಡಿ, ಎಂದಷ್ಟೇ ಅವನು ನರ್ಸಿಗೆ ಹೇಳಿದ, ಅವಳ ಉಳಿದ ಮಾತನ್ನು ದಾಟಿಸಲಿಲ್ಲ, ನರ್ಸು ಒತ್ತುತ್ತಿದ್ದಾಳೆ, ಅಂಕಿ ಅಂಕಿ, ಏಳು, ಮತ್ತೆ ಬೆಳಕು, ತಗಡಿನ ಮೇಲೆ ಮೊಬೈಲು ನಡುಗುತ್ತದೆ, ಒಂದು ಬೆರಳಷ್ಟು ಅಂಚಿನ ಕಡೆ ಸರಿಯುತ್ತದೆ, ನಿಲ್ಲುತ್ತದೆ, ಕಪ್ಪಾಗುತ್ತದೆ, ಇನ್ನೊಂದ್ಸಲ ಅನ್ನುತ್ತಾಳೆ ಅವಳು, ಬೆಳಗುತ್ತದೆ, ನಡುಗುತ್ತದೆ, ಒಂದು ಬೆರಳು ಸರಿಯುತ್ತದೆ, ಬೆಳಗುತ್ತದೆ —