ಪಕ್ಕದ ಸೀಟಿನ ಉಪದೇಶಿಗಳು

ಗಾಡಿ ಹೊರಟಿತೆಂದರೆ ಸಾಕು, ಉಪದೇಶಿಗಳ ಬಲಗಾಲು ಅಲ್ಲಿಲ್ಲದ ಬ್ರೇಕನ್ನು ಒತ್ತತೊಡಗುತ್ತಿತ್ತು. ಎದುರಿನಿಂದ ಲಾರಿ ಬಂದರಂತೂ ಎರಡು ಕಾಲೂ ಸೇರಿ ಒತ್ತುತ್ತಿದ್ದವು. ಎಡಗೈ ಕಿಟಕಿಯ ಮೇಲಿನ ಹಿಡಿಯನ್ನು ಅಪ್ಪಿತಪ್ಪಿಯೂ ಬಿಡುತ್ತಿರಲಿಲ್ಲ. ಬೇಸಗೆಯಲ್ಲೂ ಮೈಬಿಡದ ಆ ಕಪ್ಪು ಕೋಟಿನ ಬೆನ್ನು ಬೆವರಿನಿಂದ ಒದ್ದೆಯಾಗುತ್ತಿತ್ತು. ಚರ್ಚಿನ ಸಭೆಯ ವ್ಯಾನಿನಲ್ಲಿ ಅವರು ಕೂರುವ ಕಡೆಯ ರಬ್ಬರ್ ಹಾಸು ಸವೆದು ತಗಡು ಕಾಣುತ್ತಿದ್ದುದಕ್ಕೆ ಬೇರೆ ಕಾರಣ ಹುಡುಕಬೇಕಾಗಿರಲಿಲ್ಲ.

ಸೋಜಿಗವೆಂದರೆ, ಇದೇ ಉಪದೇಶಿಗಳು ಭಾನುವಾರದ ಪ್ರಸಂಗಕ್ಕೆ ನಿಂತರೆ ಪ್ರಯಾಣವಲ್ಲದೆ ಬೇರೆ ಉಪಮೆಯೇ ಹೊಳೆಯುತ್ತಿರಲಿಲ್ಲ. ವಿಶ್ವಾಸಿಯ ಬಾಳು ಸುದೀರ್ಘವಾದ ರಸ್ತೆ ಪ್ರಯಾಣ. ಆಜ್ಞೆಗಳು ದಾರಿಬದಿಯ ಫಲಕಗಳು. ಪಶ್ಚಾತ್ತಾಪವೆಂದರೆ ತಪ್ಪುದಾರಿಯಿಂದ ಗಾಡಿ ತಿರುಗಿಸುವುದು. ಕಡೆಗೆ ತಲುಪುವುದು ತಂದೆಯ ಮನೆ, ಅಂದರೆ ಪರಲೋಕ. "ಸ್ಟಿಯರಿಂಗನ್ನ ಕರ್ತನ ಕೈಗೆ ಕೊಡಿ, ನೀವು ಪಕ್ಕದ ಸೀಟಲ್ಲಿ ನಿಶ್ಚಿಂತೆಯಾಗಿ ಕೂತ್ಕೊಳ್ಳಿ. ಭಯಪಡೋನು ನಂಬದೇ ಇರೋನು!" ಎಂದು ಅವರು ಕಂಚಿನ ಕಂಠದಲ್ಲಿ ಸಾರುವಾಗ ಮುಂದಿನ ಬೆಂಚಿನಲ್ಲಿ ಕುಳಿತ ಅವರ ಹೆಂಡತಿ ಕರವಸ್ತ್ರದಿಂದ ಬಾಯಿ ಮುಚ್ಚಿಕೊಳ್ಳುತ್ತಿದ್ದರು. ಹಿಂದಿನ ಸೀಟಿನಲ್ಲಾದರೂ ಕೂರಬಾರದೇ ಎಂದು ಆಕೆ ಕೇಳಿದರೆ, "ರಸ್ತೆ ಮೇಲೆ ಒಬ್ರಾದ್ರೂ ನಿಗಾ ಇಡಬೇಡ್ವೇನೇ?" ಎಂದು ಗದರುತ್ತಿದ್ದರು.

ಒಂದು ಬೆಳಿಗ್ಗೆ ಬೆಟ್ಟದಾಚೆಯ ಊರಿನಿಂದ ಅಕ್ಕನ ಮಗಳ ಫೋನು ಬಂತು. ತಾಯಿಯಿಲ್ಲದ ತಮ್ಮನನ್ನು ಎತ್ತಿ ಆಡಿಸಿ ಬೆಳೆಸಿದ ಅಕ್ಕ ಹಾಸಿಗೆ ಹಿಡಿದಿದ್ದಳು, ವೈದ್ಯರು ಕೈಚೆಲ್ಲಿದ್ದರು.

"ಮಾವ, ಅಮ್ಮ ನಿದ್ದೇನೇ ಮಾಡ್ತಿಲ್ಲ. ಕಣ್ಣು ಮುಚ್ಚಿದ್ರೆ ಹೋಗ್ಬಿಡ್ತೀನಿ ಅಂತ ಒಂದೇ ಸಮ ಹೆದರ್ತಾಳೆ. ನೀವೇ ಬಂದು ನಾಲ್ಕು ಧೈರ್ಯದ ಮಾತು ಹೇಳಿ."

ಧೈರ್ಯದ ಮಾತಿಗೇನು ಬರ! ದಾರಿಯುದ್ದಕ್ಕೂ ಉಪದೇಶಿಗಳು ತುಟಿಯಲ್ಲೇ ಅವನ್ನು ಜೋಡಿಸುತ್ತ ಬಂದರು. ವ್ಯಾನು ನಡೆಸುತ್ತಿದ್ದವನು ಸಭೆಯ ಬಡಗಿ. ಪ್ರಾರ್ಥನೆ ಎಂಬ ಮಾತು ಕಿವಿಗೆ ಬಿದ್ದರೆ ಉಳಿಯನ್ನು ಕೆಳಗಿಟ್ಟು ಕಣ್ಣುಮುಚ್ಚುವ ಪರಮಭಕ್ತ. ಬೆಟ್ಟದ ಅರ್ಧ ಏರುವಷ್ಟರಲ್ಲಿ ಮಂಜು ಕವಿಯಿತು. ಎಡಕ್ಕೆ ಬರೀ ಬಿಳುಪು; ಅದರ ಕೆಳಗೆ ಎಷ್ಟು ಆಳವೋ ತಿಳಿಯದು. ಉಪದೇಶಿಗಳ ಎರಡು ಕಾಲೂ ಇಲ್ಲದ ಬ್ರೇಕನ್ನು ಒತ್ತಿ ಹಿಡಿದವು. ಒಂದು ತಿರುವಿನಲ್ಲಿ ಬಸ್ಸೊಂದು ಎಲ್ಲಿಂದಲೋ ಹಾರನ್ ಹೊಡೆದದ್ದೇ ತಡ, ಅವರು ಪ್ರಸಂಗದ ಗತ್ತಿನಲ್ಲೇ ಕೂಗಿಬಿಟ್ಟರು: "ಪ್ರಾರ್ಥಿಸೋಣ!"

ಹಿಂದಿನ ಸೀಟಿನಲ್ಲಿದ್ದ ಹೆಂಡತಿ ತಲೆಬಾಗಿಸಿದರು. ಉಪದೇಶಿಗಳು ಕಣ್ಣುಮುಚ್ಚಿದರು. ಚಕ್ರದಡಿ ಜಲ್ಲಿ ಕರಕರಗುಟ್ಟಿದ ಸದ್ದಿಗೆ ಕಣ್ಣು ತೆರೆದು ನೋಡಿದರೆ, ಬಡಗಿಯೂ ಒಂದು ಕೈ ಎದೆಯ ಮೇಲಿಟ್ಟುಕೊಂಡು, ತಲೆ ಬಗ್ಗಿಸಿ, ಭಕ್ತಿಯಿಂದ ಕಣ್ಣುಮುಚ್ಚಿದ್ದ!

"ಕಣ್ಣು ಬಿಡಯ್ಯಾ! ಅಯ್ಯೋ, ಕಣ್ಣು ಬಿಡಯ್ಯಾ!"

ಅಂಚಿನ ಕಲ್ಲಿಗೆ ಬಂಪರು ತಾಗಿ ವ್ಯಾನು ನಿಂತಿತು. ಬಡಗಿ, "ನೀವೇ ಅಲ್ವಾ ಪ್ರಾರ್ಥಿಸೋಣ ಅಂದಿದ್ದು?" ಎಂದ. ಹೆಂಡತಿ ನಗಲು ಹೋಗಿ ಅತ್ತುಬಿಟ್ಟರು.

ಉಪದೇಶಿಗಳು ಕೆಳಗಿಳಿದು ರಸ್ತೆಯ ಮೇಲೇ ಕುಕ್ಕರಿಸಿದರು. ಕಲ್ಲಿನಾಚೆ ಮಂಜು ಸದ್ದಿಲ್ಲದೆ ಮೇಲೇಳುತ್ತಿತ್ತು. ಊರವರಿಗೆಲ್ಲ ಅಷ್ಟು ಆಸೆ ತೋರಿಸಿ ಹೇಳಿದ ತಂದೆಯ ಮನೆ ಇಷ್ಟು ಹತ್ತಿರ ಬಂದಾಗ, ತಮಗೆ ಅಲ್ಲಿಗೆ ಹೋಗಲು ಎಳ್ಳಷ್ಟೂ ಮನಸ್ಸಿಲ್ಲವೆಂಬುದು ಅವರಿಗೆ ತಿಳಿಯಿತು. ಬಿದ್ದುಹೋಗುವುದಕ್ಕಿಂತ ಆ ತಿಳಿವಿಗೇ ಅವರು ಹೆಚ್ಚು ಹೆದರಿದರು. ಜೋಡಿಸಿಟ್ಟುಕೊಂಡಿದ್ದ ಮಾತುಗಳಲ್ಲಿ ಒಂದೂ ನೆನಪಿಗೆ ಬರಲಿಲ್ಲ.

ಮಧ್ಯಾಹ್ನ ಅಕ್ಕನ ಕೋಣೆಯಲ್ಲಿ ಅರ್ಧ ಪರದೆ ಎಳೆದಿತ್ತು, ಔಷಧಿಯ ವಾಸನೆ ಇತ್ತು. ಅಕ್ಕ ಕೋಟಿನ ತೋಳನ್ನು ಬಿಗಿಯಾಗಿ ಹಿಡಿದುಕೊಂಡಳು.

"ಹೇಳೋ, ಆ ದಾರಿ ಹೇಗಿರುತ್ತೆ? ಎಲ್ರಿಗೂ ಹೇಳ್ತೀಯಲ್ಲ."

ಅವರು ಅವಳ ಹೊದಿಕೆಯನ್ನು ಸರಿಪಡಿಸಿದರು. ಆಮೇಲೆ, "ಗೊತ್ತಿಲ್ಲಕ್ಕಾ. ನಂಗೂ ತುಂಬಾ ಹೆದರಿಕೆ," ಎಂದರು.

ಅಕ್ಕನ ಮಗಳು ಗಾಬರಿಯಿಂದ ನೋಡಿದಳು. ಆದರೆ ಅಕ್ಕನ ಮುಖದ ಬಿಗಿ ಸಡಿಲಿತು. "ಅಯ್ಯೋ, ನಿಂಗೂನಾ?" ಎಂದು, ಇದ್ದ ಅಲ್ಪ ಶಕ್ತಿಯಲ್ಲೇ ಗೋಡೆಯತ್ತ ಸರಿದು ಜಾಗ ಮಾಡಿದಳು. "ಬಾ, ಇಲ್ಲಿ ಕೂತ್ಕೋ. ನಾನಿದೀನಲ್ಲ." ತಮ್ಮನ ಕೈ ಹಿಡಿದುಕೊಂಡೇ ನಿದ್ದೆಹೋದಳು. ಉಪದೇಶಿಗಳು ಸಂಜೆಯವರೆಗೂ ಕದಲದೆ ಅವಳ ಉಸಿರಾಟವನ್ನು ನೋಡುತ್ತ ಕೂತಿದ್ದರು.

ದಾರಿ ಹೇಳುವವರ ಬಗೆಯೇ ಇಂಥದ್ದು. ತಮ್ಮ ಭಯವನ್ನು ಸಂತೈಸಲು ಅವರು ಹೇಳಿಕೊಂಡದ್ದನ್ನು ನಾವು ಪ್ರಸಂಗವೆಂದು ಕೇಳಿಸಿಕೊಳ್ಳುತ್ತೇವೆ. ಆ ಭಯ ಹೊರಬಿದ್ದ ದಿನ ಬೂಟಾಟಿಕೆಯೆಂದು ನಗುತ್ತೇವೆ. ನಗುವುದೇನೋ ಸುಲಭ. ಆದರೆ ನಮ್ಮ ಸರದಿ ಬಂದಾಗ ನಾವು ತಡಕಾಡುವುದು, ನಮ್ಮಷ್ಟೇ ಹೆದರಿಯೂ ಬರಲೇಬೇಕೆಂದು ಬಂದವರ ಕೈಗಾಗಿ.